ಸೀಟಿನ ಹೊಟ್ಟೆಗೊಂದು ಹೋಳಿಗೆ

ಆ ವರ್ಷದ ಮಳೆಗಾಲದಲ್ಲಿ ಅಪ್ಪನ ಬೆನ್ನು ಹಿಡಿದುಕೊಂಡಿತು. ಬೆನ್ನುಮೂಳೆಯ ಬಿಲ್ಲೆ ಜರುಗಿ ನರ ಒತ್ತುತ್ತಿದೆ ಎಂದು ಡಾಕ್ಟರು ಹೇಳಿದರು. ಕಾರಿನ ಸೀಟು ಕೆಟ್ಟದ್ದೇ ಇದಕ್ಕೆಲ್ಲ ಕಾರಣ ಎಂದು ಅಪ್ಪ ಹೇಳಿದ. ವಾರಗಟ್ಟಲೆ ಹಾಸಿಗೆ ಹಿಡಿದು ಎದ್ದ ಮೇಲೂ ಅವನದು ಅದೇ ಪಲ್ಲವಿ. ಸೀಟು ಸರಿಯಾದರೆ ಬೆನ್ನು ಸರಿಯಾಗುತ್ತದೆ, ಬೆನ್ನು ಸರಿಯಾದರೆ ಆಯುಧಪೂಜೆಯ ದಿನ ತಾನೇ ಕಾರು ಓಡಿಸುತ್ತಾನೆ. ಬಲಗಾಲಿಗೆ ಬಲ ಬರುವವರೆಗೆ ಸ್ಟೀರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಅಂದದ್ದನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಆ ಡಾಕ್ಟರಗೇನ ಗೊತ್ತು ನನ್ನ ಗಾಡಿ ಸುದ್ದಿ? ತಪ್ಪು ಬೆನ್ನಿಂದಲ್ಲ, ಸೀಟಿಂದು. ಬೇಕಾದ್ರ ನೀನ ಕೂತ ನೋಡು” ಎಂದು ನನಗೇ ಸವಾಲು ಹಾಕಿದ.

ಕೂತು ನೋಡಿದೆ. ಸ್ಟೀರಿಂಗಿನ ಎದುರಿಗೆ ರೆಕ್ಸಿನ್ ಹರಿದು ಬಾಯಿ ಬಿಟ್ಟಿತ್ತು. ಒಳಗಿನ ತೆಂಗಿನ ನಾರು ಪುಡಿಯಾಗಿ ಉದುರುತ್ತಿತ್ತು. ಒಂದು ಸ್ಪ್ರಿಂಗ್ ನನ್ನ ತೊಡೆಗೆ ಸರಿಯಾಗಿ ಚುಚ್ಚಿತು. ಇಪ್ಪತ್ತು ಚಿಲ್ಲರೆ ವರ್ಷ ಒಬ್ಬನೇ ಮನುಷ್ಯ ಕೂತ ಜಾಗ ಬಲಕ್ಕೆ ವಾಲಿ ಹಳ್ಳವಾಗಿತ್ತು. ಅಪ್ಪನ ಮಾತಿನಲ್ಲಿ ಅರ್ಧ ನಿಜ ಇತ್ತು, ಅದೇ ದೊಡ್ಡ ತೊಂದರೆ. ಪೂರ್ತಿ ಸುಳ್ಳಾಗಿದ್ದರೆ ಜಗಳ ಆಡಿ ಗೆಲ್ಲಬಹುದಿತ್ತು.

ಧಾರವಾಡದ ಕಡೆಯವರು ನಾವು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ವರ್ಗವಾಗಿ ಕೋಲ್ಕತ್ತಕ್ಕೆ ಬಂದವನು, ನಿವೃತ್ತಿಯಾದರೂ ಊರು ಬಿಡಲಿಲ್ಲ. ಸದರ್ನ್ ಅವೆನ್ಯೂದ ಹಿಂದಿನ ಗಲ್ಲಿಯಲ್ಲಿ ನೆಲಮಹಡಿಯ ಮನೆ. ಮನೆಯ ಮುಂದಿನ ವರಾಂಡಕ್ಕೆ ಹೊಂದಿಕೊಂಡೇ ಗ್ಯಾರೇಜು, ಅದರೊಳಗೆ ನನಗಿಂತ ವಯಸ್ಸಾದ ಅಂಬಾಸಿಡರ್. ಮುಂದಿನ ಸೀಟು ಈಗಿನ ಕಾರುಗಳ ಹಾಗೆ ಎರಡು ಕುರ್ಚಿಯಲ್ಲ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದ ಸೋಫಾ. ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇತ್ತು. ನನಗೆ ಲೈಸೆನ್ಸ್ ಇದ್ದರೂ ಅಪ್ಪ ಆ ಕಾರನ್ನು ನನ್ನ ಕೈಗೆ ಕೊಟ್ಟದ್ದು ಗಲ್ಲಿಯೊಳಗೆ ಹಿಂದೆ ಮುಂದೆ ಮಾಡಲಿಕ್ಕೆ ಮಾತ್ರ.

ನಾನು ಆಗ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ. ಹುಟ್ಟುಗುಣಕ್ಕೆ ಸರಿಯಾದ ಕೆಲಸ ಸಿಕ್ಕಿತು ಎಂದು ಅವ್ವ ಬಂದವರೆದುರಿಗೆಲ್ಲ ಹೇಳುತ್ತಿದ್ದಳು. ಆ ಕಾಲದಲ್ಲಿ ಅಲ್ಲಿ ವಾರಕ್ಕೊಂದು ಗಾಜಿನ ಕಟ್ಟಡ ಏಳುವಂತೆ ಕಾಣುತ್ತಿತ್ತು. ನನ್ನ ಜೊತೆಯವರೆಲ್ಲ ಹೊಸ ಕಾರು ಕೊಂಡು ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚದೆ ಮೆರೆಯುತ್ತಿದ್ದರು. ನಮ್ಮ ಕೆಲಸ ಅಮೆರಿಕದ ಗಡಿಯಾರಕ್ಕೆ ಕಟ್ಟಿದ್ದು. ಮಧ್ಯಾಹ್ನದ ಮೇಲೆ ಕಂಪನಿಯ ಗಾಡಿ ಬಂದು ಕರೆದುಕೊಂಡು ಹೋಗುತ್ತಿತ್ತು, ಮನೆಗೆ ಬಂದು ಮಲಗುವಾಗ ಊರು ಏಳುವ ಹೊತ್ತು ಹತ್ತಿರವಾಗಿರುತ್ತಿತ್ತು. ಹೀಗಾಗಿ ಆ ವರ್ಷದ ಬೆಳಗುಗಳೆಲ್ಲ ನನಗೆ ಅರ್ಧ ನಿದ್ದೆಯಲ್ಲೇ ನೆನಪಿವೆ. ಯಾವುದನ್ನು ಕಂಡೆ, ಯಾವುದು ಕನಸು ಎಂದು ಗೆರೆ ಎಳೆದು ಹೇಳುವುದು ಈಗಲೂ ಕಷ್ಟ.

ದೊಡ್ಡ ರಸ್ತೆಯಲ್ಲಿ ಸೀಟು ಹೊಲಿಯುವ ಮಿಸ್ತ್ರಿಯೊಬ್ಬ ಇದ್ದ. ಕೇಳಿದರೆ “ಪುಜೋರ್ ಪೊರೆ” ಅಂದ. ಪೂಜೆ ಆದ ಮೇಲೆ ಎಂದರ್ಥ. ದುರ್ಗಾಪೂಜೆಗೆ ಒಂದೂವರೆ ತಿಂಗಳಿರುವಾಗಲೇ ಆ ಊರಿನಲ್ಲಿ ನಲ್ಲಿ ರಿಪೇರಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅದೇ ಉತ್ತರ. ಅಪ್ಪನಿಗೆ ಬೇಕಾಗಿದ್ದದ್ದು ನವರಾತ್ರಿಯ ಒಂಬತ್ತನೆಯ ದಿನಕ್ಕೆ, ನಮ್ಮ ಆಯುಧಪೂಜೆಗೆ. ಪ್ರತಿವರ್ಷ ಆ ದಿನ ಕಾರಿಗೆ ಪೂಜೆ ಮಾಡಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಅದನ್ನು ಅರೆದುಕೊಂಡು ಹೋಗಿ ಅವನು ಒಂದು ಸುತ್ತು ಹೊಡೆದು ಬರಬೇಕು. ಅದು ತಪ್ಪಿದರೆ ವರ್ಷವೇ ಕೆಟ್ಟಂತೆ.

“ಮನ್ಯಾಗ ಹೊಲಿಯೂಣು. ನಾ ಏನ ಕೌದಿ ಹೊಲದಾಕಿ ಅಲ್ಲೇನು?” ಅಂದಳು ಅವ್ವ.

“ಕಾರಿಗೆ ಕೌದಿ?” ಅಂದೆ ನಾನು. “ಅದಕ್ಕ ಥಂಡಿ ಆಗೇತೇನ?”

“ನಿನಗ ಕಂಪ್ಯೂಟರ್ ಬಿಟ್ರ ಏನ ಗೊತ್ತೈತಿ? ಕೈ ಕಾಲ ತೊಳಕೊಂಡು ಬಂದು ದಾರ ಪೋಣಿಸು.”

ಮರುದಿನ ಬೆಳಿಗ್ಗೆ ಅಪಾರ್ಟ್‌ಮೆಂಟಿನ ದರ್ವಾನ ಮತ್ತು ನಾನು ಸೇರಿ ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಸೀಟನ್ನು ಬಿಚ್ಚಿ, ವರಾಂಡಕ್ಕೆ ಹೊತ್ತು ತಂದೆವು. ಅಪ್ಪ ಬೆತ್ತದ ಕುರ್ಚಿಯಲ್ಲಿ ಬೆನ್ನಿಗೆ ದಿಂಬು ಒತ್ತಿಕೊಂಡು ಕೂತು ಸೇನಾಪತಿಯ ಹಾಗೆ ಅಪ್ಪಣೆ ಕೊಡುತ್ತಿದ್ದ. ಸೀಟು ಎತ್ತಿದ ಜಾಗದಲ್ಲಿ ಟ್ರಾಮಿನ ಹಳೆಯ ಟಿಕೇಟು, ಕಡಲೆಕಾಯಿ ಸಿಪ್ಪೆ, ನನ್ನ ಶಾಲೆಯ ಬಿಳಿ ರಿಬ್ಬನ್ನು, ಬಿಳಿ ಅನ್ನುವುದು ಈಗ ಬರೀ ಮಾತಿಗೆ, ಎಲ್ಲ ಸಿಕ್ಕವು. ಅವ್ವ ಕಸಬರಿಗೆ ಹಿಡಿದು ಬಂದು ಯಾವುದನ್ನೂ ನೋಡಲು ಬಿಡದೆ ಗುಡಿಸಿಬಿಟ್ಟಳು.

ಶರತ್ಕಾಲದ ಬಿಸಿಲು ಆ ವರಾಂಡಕ್ಕೆ ಓರೆಯಾಗಿ ಬರುತ್ತಿತ್ತು. ಬಿಸಿಲಿಗೆ ಇಟ್ಟ ಮೇಲೆ ರೆಕ್ಸಿನ್ ಮೆತ್ತಗಾಯಿತು. ಒಳಗೆ ಮುರಿದ ಸ್ಪ್ರಿಂಗನ್ನು ಅಪ್ಪ ಕೂತಲ್ಲಿಂದಲೇ ತಂತಿ ಸುತ್ತಿ ಬಿಗಿದು ಕೊಟ್ಟ. ಅದರ ಮೇಲೆ ಹೊಸ ಗೋಣಿತಟ್ಟು ಹಾಸಿ, ದಬ್ಬಣಕ್ಕೆ ಸುತಳಿ ಪೋಣಿಸಿ ಸ್ಪ್ರಿಂಗಿಗೆ ಸೇರಿಸಿ ಹೊಲಿದೆವು. ಗೋಣಿಯ ಮೇಲೆ ನಾರು, ನಾರಿನ ಮೇಲೆ ಹಿಂಜಿದ ಹಳೆಯ ಹತ್ತಿ. ರೆಕ್ಸಿನ್ನಿನ ಸೀಳನ್ನು ಹೊಲಿಯುವಾಗ ಅವ್ವ ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿದಳು. ಹೊಸ ತೂತು ಬಿದ್ದರೆ ಅಂಚೆಚೀಟಿಯ ಹಾಳೆಯ ಹಾಗೆ ಅಲ್ಲಿಂದಲೇ ಹರಿಯುತ್ತದಂತೆ. ಒಂದು ದಿನ ನನಗೆ ತೂಕಡಿಕೆ ಬಂದು ಎರಡು ಹೊಸ ತೂತು ಮಾಡಿದೆ. ಅವ್ವ ತಲೆಗೊಂದು ಮೊಟಕಿದಳು.

ಬಲಗಡೆಯ ಹಳ್ಳವನ್ನು ತುಂಬಿಸಬೇಕೋ ಬೇಡವೋ ಎಂದು ಅರ್ಧ ದಿನ ವಾದ ನಡೆಯಿತು. ತುಂಬಿಸಿ ಮಟ್ಟ ಮಾಡೋಣ ಎಂದು ನಾನು, ಇದ್ದ ಹಾಗೇ ಇರಲಿ ಎಂದು ಅವ್ವ. ಕೊನೆಗೆ ಅಪ್ಪ, “ತುಂಬ್ರಿ. ಆದ್ರ ಭಾಳ ತುಂಬಬ್ಯಾಡ್ರಿ. ನಾ ಕೂತಂಗ ಆಗಬೇಕು, ಪಾವಣ್ಯಾ ಕೂತಂಗ ಆಗಬಾರದು” ಅಂದ. ಬೀಗರ ಮನೆಗೆ ಬಂದ ನೆಂಟನಂತೆ ಮುದುಡಿಕೊಂಡು ಕಾರು ಓಡಿಸಲಾಗದು ಎಂಬುದು ಅವನ ಅಂಬೋಣ. ಹಾಗೇ ಮಾಡಿದೆವು.

ಆಮೇಲೆ ಕೌದಿ. ಅಪ್ಪನ ಕಚೇರಿಯ ಅಂಗಿಗಳು, ನನ್ನ ಶಾಲೆಯ ನೀಲಿ ಸ್ಕರ್ಟು, ಅವ್ವನ ಇಳಕಲ್ ಸೀರೆಯ ಹರಿದ ಸೆರಗು, ಎಲ್ಲ ಚೌಕ ಚೌಕವಾಗಿ ಕತ್ತರಿಸಿ ಹಾಸಿದಳು. ಮೇಲಿನ ಮನೆಯ ಬಂಗಾಳಿ ಮಾಶೀಮಾ ಮೆಟ್ಟಿಲಿಳಿಯುತ್ತ ನಿಂತು ನೋಡಿ, “ಎ ತೊ ಕಾಂಥಾ!” ಎಂದು ಕೂಗಿ, ಮತ್ತೆ ಮೇಲೆ ಹೋಗಿ ತಮ್ಮ ಹಳೆಯ ಕೆಂಪು ಅಂಚಿನ ಸೀರೆ ತಂದುಕೊಟ್ಟರು. ಕಾಂಥಾ ಅಂದರೆ ಅವರ ಕಡೆಯ ಕೌದಿ, ಅವರ ಅಮ್ಮನೂ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೀಗೇ ಹೊಲಿಯುತ್ತಿದ್ದರಂತೆ. ಅವ್ವನಿಗೆ ಬರುತ್ತಿದ್ದದ್ದು ತರಕಾರಿ ಮಾರ್ಕೆಟ್ಟಿನ ಬಂಗಾಳಿ, ಮಾಶೀಮಾಗೆ ಕನ್ನಡ ಸೊನ್ನೆ. ಆದರೂ ಇಬ್ಬರೂ ಎದುರುಬದುರು ಕೂತು, ನನಗೆ ತಿಳಿಯದ ಯಾವುದೋ ಭಾಷೆಯಲ್ಲಿ ನಗುತ್ತ ಹೊಲಿದರು. ಅಂಚಿನಿಂದ ಸುರುವಾದ ಹೊಲಿಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಿತ್ತು. ನಾನು ಗೋಡೆಗೆ ಒರಗಿ ದಾರ ಪೋಣಿಸಿ ಕೊಡುತ್ತ, ನಡುನಡುವೆ ನಿದ್ದೆಗೆ ಜಾರುತ್ತ, ಕಣ್ಣು ಬಿಟ್ಟಾಗೆಲ್ಲ ಬಿಳಿ ಟಾಕುಗಳು ಇನ್ನಷ್ಟು ಒಳಗೆ ಬಂದಿರುವುದನ್ನು ಕಾಣುತ್ತಿದ್ದೆ. ಗಲ್ಲಿಯ ಕೊನೆಯಲ್ಲಿ ಪ್ಯಾಂಡಾಲಿಗೆ ಬಿದಿರು ಕಟ್ಟುವ ಸದ್ದು, ಪಕ್ಕದ ಕಾಂಪೌಂಡಿನ ಪಾರಿಜಾತದ ವಾಸನೆ. ಅಷ್ಟು ಸುಖದ ಬೆಳಗುಗಳು ಮತ್ತೆ ನನಗೆ ಸಿಕ್ಕಿಲ್ಲ.

ಕೌದಿ ನಡುವಿಗೆ ಬಂದು ಮುಗಿಯುವ ಹೊತ್ತಿಗೆ ನಾನು ಗಾಢ ನಿದ್ದೆಯಲ್ಲಿದ್ದೆ. ಎದ್ದಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಅವ್ವನ ತವರಿನಲ್ಲಿ ಕೌದಿಯ ನಡುವಿನ ಚೌಕಕ್ಕೆ ಹೊಟ್ಟೆ ಅನ್ನುತ್ತಾರೆ. ಹೊಟ್ಟೆ ಖಾಲಿ ಬಿಟ್ಟು ಹೊಲಿಗೆ ಮುಗಿಸಬಾರದು, ಹೊದ್ದವರ ಹೊಟ್ಟೆಯೂ ಬರಿದಾಗುತ್ತದೆ ಎಂದು ಅದರೊಳಗೆ ಒಂದಿಷ್ಟು ತಿನ್ನುವ ಪದಾರ್ಥ ಇಟ್ಟು ಹೊಲಿಯುತ್ತಾರೆ. ಅವ್ವ ಅವತ್ತು ಅದಕ್ಕಾಗಿಯೇ ಹೋಳಿಗೆ ಮಾಡಿ, ಕಡಲೆಬೇಳೆ ಬೆಲ್ಲದ ಹೂರಣ ತುಂಬಿದ ದೊಡ್ಡ ತುಂಡೊಂದನ್ನು ಕೌದಿಯ ಹೊಟ್ಟೆಗಿಟ್ಟು ಹೊಲಿದುಬಿಟ್ಟಿದ್ದಳು. ಊರಿನ ಒಣಹವೆಯಲ್ಲಿ ಅದು ಒಣಗಿ ಹಪ್ಪಳವಾಗುತ್ತಿತ್ತೇನೋ. ಇದು ಸೆಪ್ಟೆಂಬರಿನ ಕೋಲ್ಕತ್ತ, ಗೋಡೆಗಳೇ ಬೆವರುವ ಊರು. ಆ ಕೌದಿಯನ್ನು ಸೀಟಿನ ಮೇಲೆ ಬಿಗಿದು, ಸೀಟನ್ನು ಕಾರಿಗೆ ಕೂಡಿಸಿ, ನಾವೆಲ್ಲ ಬೆನ್ನು ತಟ್ಟಿಕೊಂಡೆವು.

ಅಪ್ಪ ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದುಕೊಂಡು ಗ್ಯಾರೇಜಿಗೆ ಹೋಗಿ ಸ್ಟೀರಿಂಗಿನ ಮುಂದೆ ಕೂರಲು ಸುರು ಮಾಡಿದ. ರೂಢಿ ಮಾಡಿಕೊಳ್ಳುವುದಂತೆ. ಕಾರು ಚಾಲೂ ಮಾಡದೆ, ಕಣ್ಣು ಅರ್ಧ ಮುಚ್ಚಿ, ಗ್ಯಾರೇಜಿನ ಗೋಡೆಯನ್ನೇ ರಸ್ತೆ ಮಾಡಿಕೊಂಡು ಎಲ್ಲಿಗೋ ಹೋಗಿ ಬರುತ್ತಿದ್ದ. ಒಂದು ಬೆಳಿಗ್ಗೆ ತಿಂಡಿಗೆ ಕರೆಯಲು ಹೋದೆ. ಗಾಲಿಯ ಮೇಲೆ, ಬಾಗಿಲಿನ ಸಂದಿಯಲ್ಲಿ, ಕೆಂಪು ಇರುವೆಗಳ ಸಾಲು. ಸೀಟಿನ ತುಂಬ ಇರುವೆ. ಅಪ್ಪ ಎಡತೊಡೆಯನ್ನು ಕೆರೆದುಕೊಳ್ಳುತ್ತ, “ಏನೋ ಕಡಿಯಾಕತ್ತೇತಿ ನೋಡು” ಅಂದ.

“ಇಳಿ ಅಪ್ಪಾ, ಇಳಿ, ಇರುವಿ!” ಎಂದು ಎಳೆದು ಇಳಿಸಿದೆ. ಪೈಜಾಮ ಮೇಲೆತ್ತಿ ನೋಡಿದರೆ ಎಡಗಾಲಿನಲ್ಲಿ ಅಲ್ಲೊಂದು ಇಲ್ಲೊಂದು ಕಡಿತ. ಬಲಗಾಲು ಹಿಮ್ಮಡಿಯಿಂದ ಮೊಣಕಾಲಿನವರೆಗೆ ಕೆಂಪಗೆ ದದ್ದು ಎದ್ದಿತ್ತು. ಇರುವೆಗಳು ಇನ್ನೂ ಕಚ್ಚಿಕೊಂಡೇ ಇದ್ದವು.

“ಇದು ಉರಿಯಂಗಿಲ್ಲೇನ?” ಅಂದೆ.

ಅಪ್ಪ ಬಗ್ಗಿ ನೋಡಿದ. ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿದ. “ಏ, ಅದೇನ ಆಗಿಲ್ಲ ಬಿಡು” ಎಂದು ಪೈಜಾಮ ಇಳಿಬಿಟ್ಟು ಒಳಗೆ ಹೋದ.

ಬ್ರೇಕು ಒತ್ತುವ ಕಾಲು ಅದು. ಇರುವೆ ಕಚ್ಚಿದ್ದು ತಿಳಿಯದ ಕಾಲಿಗೆ ಬ್ರೇಕು ಸಿಕ್ಕಿತೋ ಇಲ್ಲವೋ ಎನ್ನುವುದು ತಿಳಿಯುತ್ತದೆಯೇ? ಅಡುಗೆಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಮೊನ್ನಿ ಕಾಯಿಪಲ್ಯ ತರಾಕ ಹೋದಾಗ ಬಲಗಾಲಿನ ಚಪ್ಪಲಿ ದಾರ್ಯಾಗ ಬಿಟ್ಟ ಬಂದಾರ” ಅಂದಳು. “ಮನೀ ಮಟಾ ಬರಿಗಾಲಲೇ ನಡಕೊಂಡ ಬಂದಾರ. ನಾ ನೋಡಿ ಹೇಳೂಮಟಾ ಅವರಿಗೆ ಗೊತ್ತ ಇಲ್ಲ.”

“ಮತ್ತ ನೀ ಯಾಕ ಸುಮ್ಮ ಇದ್ದಿ?”

“ಏನಂತ ಹೇಳ್ಲಿ? ನೀ ಹೇಳತೀಯೇನು?”

ಆಫೀಸಿನಲ್ಲಿ ದೊಡ್ಡ ದೊಡ್ಡವರ ಮುಖಕ್ಕೆ ನಿಮ್ಮದು ತಪ್ಪು ಎಂದು ಹೇಳುವ ನಾನು ರೊಟ್ಟಿಯ ತಟ್ಟೆ ಎತ್ತಿಕೊಂಡು ಹೊರಗೆ ಬಂದೆ. ಹೇಳಬೇಕು, ಖಂಡಿತ ಹೇಳಬೇಕು, ನವಮಿಗೆ ಮೊದಲೇ ಹೇಳಬೇಕು ಎಂದುಕೊಂಡೆ. ಆ ದಿನ ಮಧ್ಯಾಹ್ನ ಆಫೀಸಿನ ಗಾಡಿಯಲ್ಲಿ ಬೈಪಾಸಿನುದ್ದಕ್ಕೂ ಬಾಯೊಳಗೇ ಮಾತು ಜೋಡಿಸಿದೆ. ಒಂದೂ ಸರಿಹೋಗಲಿಲ್ಲ.

ಮರುದಿನ ಅವ್ವ ಕೌದಿಯ ನಡುವಿನ ಹೊಲಿಗೆ ಬಿಚ್ಚಿ, ಇರುವೆ ಮುತ್ತಿದ ಹೋಳಿಗೆಯನ್ನು ತೆಗೆದು ಎಸೆದು, ಕೌದಿಯನ್ನು ಒಗೆದು ಒಣಗಿಸಿದಳು. ಊರಿನಿಂದ ತಂದ ಜೋಳದ ಒಂದು ಚಿಟಿಕೆಯನ್ನು ಹೊಟ್ಟೆಗಿಟ್ಟು ಮತ್ತೆ ಹೊಲಿಯಲು ಕೂತಳು. ಇನ್ನು ಯಾಕೆ ಇದೆಲ್ಲ ಎಂದು ನಾನು ಸಿಡುಕಿದೆ.

“ಅರ್ಧಕ್ಕ ಬಿಟ್ರ ತಪ್ಪು ಸೀಟಿಂದ ಅಂತಾರ” ಅಂದಳು. “ಸೀಟಿನ್ಯಾಗ ಏನೂ ತಪ್ಪು ಉಳೀಬಾರದು.”

ಅವಳ ಪಕ್ಕದಲ್ಲಿ ಕೂತು ನಾನೂ ಸೂಜಿ ಹಿಡಿದೆ. ಹೊಲಿಯುತ್ತ ಹೊಲಿಯುತ್ತ ನಮ್ಮ ಕೆಲಸ ಏನೆಂದು ನನಗೆ ಅರ್ಥವಾಯಿತು. ಒಂದೊಂದು ಟಾಕು ಹಾಕಿದಾಗಲೂ ಅಪ್ಪನ ಕೈಯಲ್ಲಿ ಉಳಿದಿದ್ದ ಒಂದೇ ನೆಪವನ್ನು ಅಷ್ಟಷ್ಟೇ ಕಸಿದುಕೊಳ್ಳುತ್ತಿದ್ದೆವು. ನನಗೆ ಅಳು ಬಂತು, ಅವ್ವನ ಮೇಲೆ ಸಿಟ್ಟು ಬಂತು, ಆದರೂ ಕೈ ನಿಲ್ಲಿಸಲಿಲ್ಲ. ಆ ಸಲ ಒಂದೂ ಹೊಸ ತೂತು ಮಾಡಲಿಲ್ಲ. ಆಯುಧಪೂಜೆಯ ದಿನ ಸೂಜಿ ಕತ್ತರಿ ಮುಟ್ಟುವಂತಿಲ್ಲ, ಅವೂ ದೇವರ ಮುಂದೆ ವಿಶ್ರಾಂತಿಗೆ ಕೂರುತ್ತವೆ. ಅಷ್ಟಮಿಯ ಸಂಜೆ ಕೊನೆಯ ಗಂಟು ಹಾಕಿ ದಾರ ಕಡಿದು, ಕೌದಿಯನ್ನು ಮತ್ತೆ ಸೀಟಿಗೆ ಬಿಗಿದೆವು. ದಬ್ಬಣ, ಸೂಜಿ, ಕತ್ತರಿ, ಸ್ಪ್ಯಾನರ್ ಎಲ್ಲವನ್ನೂ ದೇವರ ಜಗಲಿಯ ಮೇಲೆ ಜೋಡಿಸಿ ಅರಿಷಿಣ ಕುಂಕುಮ ಹಚ್ಚಿದಳು ಅವ್ವ.

ನವಮಿಯ ಬೆಳಿಗ್ಗೆ ಊರು ಹಿಂದಿನ ದಿನದ ಸಡಗರದಿಂದ ದಣಿದು ಮಲಗಿತ್ತು. ಎಲ್ಲೋ ದೂರದಲ್ಲಿ ಒಂದೇ ಒಂದು ಢಾಕ್ ಡೋಲು ನಿದ್ದೆಗಣ್ಣಿನಲ್ಲಿ ಬಡಿದುಕೊಳ್ಳುತ್ತಿತ್ತು. ನಾನು ಕಾರನ್ನು ಗ್ಯಾರೇಜಿನಿಂದ ತೆಗೆದು ಗಲ್ಲಿಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಅದಕ್ಕೆ ಚೆಂಡುಹೂವಿನ ಹಾರ ಹಾಕಿ, ವಿಭೂತಿ ಬಳಿದು, ಕಾಯಿ ಒಡೆದೆವು. ದರ್ವಾನ ಹಲ್ಲುಜ್ಜುತ್ತ ಬಂದು, “ವಿಶ್ವಕರ್ಮಾ ಪೂಜಾ ತೊ ಕಬ್ ಕಾ ಹೋ ಗಯಾ, ಮಾಂಜೀ!” ಎಂದು ನಕ್ಕ. ಆ ಊರಿನಲ್ಲಿ ಗಾಡಿಗಳಿಗೆ ಪೂಜೆ ಮಾಡುವ ದಿನ ಅದು, ಹೋಗಿ ಹತ್ತಿರಹತ್ತಿರ ತಿಂಗಳಾಗಿತ್ತು. ಪ್ರತಿವರ್ಷ ಅವನು ಅದನ್ನೇ ಹೇಳುತ್ತಿದ್ದ, ಪ್ರತಿವರ್ಷ ಅವ್ವ ಅವನಿಗೆ ಕಾಯಿಯ ದೊಡ್ಡ ಹೋಳನ್ನೇ ಕೊಡುತ್ತಿದ್ದಳು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೀಲಿಕೈ ಹಿಡಿದು, ಬಲಗಡೆಯ ಬಾಗಿಲು ತೆರೆದ.

“ಅಪ್ಪಾ, ಬ್ಯಾಡ” ಅಂದೆ. ಬಾಯೊಳಗೆ ಜೋಡಿಸಿದ ಅಷ್ಟೂ ಮಾತಿನಲ್ಲಿ ಹೊರಗೆ ಬಂದದ್ದು ಅಷ್ಟೇ.

“ತಡಿ” ಅಂದ.

ಕೂತ. ಬೆನ್ನನ್ನು ಹಿಂದಕ್ಕೆ ಒತ್ತಿ ನೋಡಿದ, ಎಡಕ್ಕೆ ಬಲಕ್ಕೆ ವಾಲಿದ, ಕೌದಿಯ ಮೇಲೆ ಅಂಗೈ ಆಡಿಸಿದ. ಕೀಲಿಕೈಯನ್ನು ಹಾಕಿದ, ಆದರೆ ತಿರುಗಿಸಲಿಲ್ಲ. ಬಲಗಾಲನ್ನು ಬ್ರೇಕಿನ ಮೇಲೆ ಇಟ್ಟ. ಇಟ್ಟದ್ದು ಸರಿಯಾಗಿದೆಯೇ ಎಂದು ತಲೆ ಬಗ್ಗಿಸಿ ಕಣ್ಣಿನಿಂದ ನೋಡಿದ. ಕಾಲು ತೆಗೆದು ಮತ್ತೆ ಇಟ್ಟ, ಮತ್ತೆ ಬಗ್ಗಿ ನೋಡಿದ. ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು ಎದುರಿನ ಗಲ್ಲಿಯನ್ನು ನೋಡಿದ.

“ಸೀಟ ಭಾಳ ಛಲೋ ಆಗೇತಿ” ಅಂದ. “ಎಲ್ಲೂ ಚುಚ್ಚಂಗಿಲ್ಲ.”

ಆಮೇಲೆ ಎರಡೂ ಅಂಗೈಗಳನ್ನು ಊರಿ, ಆ ಉದ್ದ ಸೀಟಿನ ಮೇಲೆ ಮೆಲ್ಲಗೆ ಎಡಕ್ಕೆ ಜರುಗಿದ. ಬಲಗಾಲನ್ನು ಕೈಯಿಂದಲೇ ಎತ್ತಿ ತನ್ನ ಪಕ್ಕಕ್ಕೆ ಇಟ್ಟುಕೊಂಡ. ಕಾರಿನಿಂದ ಇಳಿಯಲೇ ಇಲ್ಲ. ಎಡಗಡೆಯ ಕಿಟಕಿಗೆ ತಾಗುವವರೆಗೆ ಸರಿದು, ನನ್ನ ಕಡೆ ನೋಡದೆ, “ಬಾ, ಕೂಡು. ನಿಂಬೀಹಣ್ಣ ಸರಿಯಾಗಿ ಅರಿಬೇಕ ನೋಡು” ಅಂದ.

ನಾನು ಕೂತೆ. ಅವ್ವ ಹಿಂದೆ ಹತ್ತಿದಳು. ನಿಂಬೆಹಣ್ಣುಗಳು ಪಚಕ್ಕೆಂದವು. ಗಲ್ಲಿ ದಾಟಿ ಸದರ್ನ್ ಅವೆನ್ಯೂಗೆ ತಿರುಗಿದೆ. ರಸ್ತೆ ಖಾಲಿ. ಮರಗಳ ಕೆಳಗೆ ಬಿಸಿಲು ನೀರಿನ ಹಾಗೆ ಅಲ್ಲಾಡುತ್ತಿತ್ತು. ಗೇರು ತಪ್ಪು ಹಾಕಿದಾಗ ಕಾರು ಕಿರುಚಿತು. ಬೈಗುಳಕ್ಕೆ ನಾನು ಕಿವಿ ಗಟ್ಟಿ ಮಾಡಿಕೊಂಡೆ, ಆದರೆ ಬೈಗುಳ ಬರಲಿಲ್ಲ. ಅಪ್ಪ ಕಿಟಕಿಯ ಗಾಜು ಇಳಿಸಿ ಹೊರಗೆ ನೋಡುತ್ತಿದ್ದ.

“ಈ ಮನೀಗೆ ಮ್ಯಾಲೆ ಇಷ್ಟು ಚಂದದ ಕಟಾಂಜನ ಐತೇನ?” ಅಂದ. “ಇಷ್ಟ ವರ್ಷ ಇದ ರಸ್ತಾದಾಗ ಅಡ್ಡಾಡೀನಿ. ನಾ ಮುಂದಿನ ಬಸ್ಸಿನ ಬೆನ್ನ ಬಿಟ್ರ ಏನೂ ನೋಡಿಲ್ಲ ನೋಡು.”

ಮರಗಳನ್ನು, ಬಾಲ್ಕನಿಗಳ ಕಟಾಂಜನಗಳನ್ನು, ಕೆರೆಯ ಕಡೆಯಿಂದ ವ್ಯಾಯಾಮ ಮುಗಿಸಿ ಬರುವ ಮುದುಕರನ್ನು ಊರಿಗೆ ಹೊಸದಾಗಿ ಬಂದವನ ಹಾಗೆ ನೋಡಿದ. ರಸ್ತೆಯ ತುದಿಯಲ್ಲಿ ತಿರುಗಿಸಿಕೊಂಡು ವಾಪಸು ಬರುವಾಗ ಮಾತು ನಿಂತಿತು. ಪಕ್ಕಕ್ಕೆ ನೋಡಿದೆ. ತಲೆ ಕಿಟಕಿಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದು ಸಣ್ಣಗೆ ಗೊರಕೆ ಸುರುವಾಗಿತ್ತು. ಕಾರಿನಲ್ಲಿ ಅಪ್ಪ ನಿದ್ದೆ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಾರಿನಲ್ಲಿ ನಿದ್ದೆ ಮಾಡುವವರು ನಾವು, ಅವನಲ್ಲ.

ನಮ್ಮ ಗಲ್ಲಿಯ ತಿರುವು ಹತ್ತಿರ ಬಂತು. ನಿಲ್ಲಿಸಿದರೆ ಅವನಿಗೆ ಎಚ್ಚರವಾಗುತ್ತದೆ. ಎಚ್ಚರವಾದರೆ ಬಾಗಿಲು ತೆರೆದು, ದರ್ವಾನನ ಎದುರಿಗೆ, ಎಡಗಡೆಯಿಂದ ಇಳಿಯಬೇಕು. ನಾನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕನ್ನಡಿಯಲ್ಲಿ ಅವ್ವನನ್ನು ನೋಡಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

“ಇನ್ನೊಂದ ಸುತ್ತ ಹೊಡಿ” ಅಂದಳು ಮೆಲ್ಲಗೆ.

ನಾನು ಗಲ್ಲಿಯನ್ನು ದಾಟಿ ಮುಂದೆ ಹೋದೆ.